ಬಸ್‌ಸ್ಟ್ಯಾಂಡಿನಿಂದ ನೇರ ತಾಳಿಗೆ: ಕೋಲಾರದ ಕಡೆಯ ಪ್ರೀತಿಗೆ ನಡುವಿನ ಹಂತ ಯಾಕಿಲ್ಲ?

ಕೋಲಾರದ ಕಡೆ ಮಗಳ ಪ್ರೀತಿ ವಿಷಯ ಮನೆಗೆ ಗೊತ್ತಾಗುವುದು ಸಾಮಾನ್ಯವಾಗಿ ಎರಡು ರೀತಿಯಲ್ಲಿ. ಯಾರೋ ನೆಂಟರು ಬಂಗಾರಪೇಟೆ ಸ್ಟೇಷನ್ನಿನಲ್ಲೋ ಅಂತರಗಂಗೆ ಮೆಟ್ಟಿಲ ಹತ್ತಿರವೋ ಇಬ್ಬರನ್ನೂ ನೋಡಿ ಫೋನ್ ಮಾಡುತ್ತಾರೆ. ಇಲ್ಲವೇ ಒಂದು ದಿನ ಮಗಳು ಕೆಲಸದಿಂದ ವಾಪಸ್ ಬರುವುದಿಲ್ಲ. ಎರಡು ದಿನ ಬಿಟ್ಟು ವಾಟ್ಸ್ಆ್ಯಪ್‌ಗೆ ಹಾರ ಹಾಕಿಕೊಂಡ ಫೋಟೋ ಬರುತ್ತದೆ. "ನಾವು ಮೇಜರ್, ಇಷ್ಟಪಟ್ಟು ಮದುವೆ ಆಗಿದ್ದೀವಿ, ನಮಗೆ ರಕ್ಷಣೆ ಕೊಡಿ" ಅಂತ ಇಬ್ಬರೂ ಪೊಲೀಸ್ ಸ್ಟೇಷನ್ ಮುಂದೆ ನಿಂತು ಮಾಡಿದ ವಿಡಿಯೋವೂ ಬರಬಹುದು. "ಅಮ್ಮಾ, ನನಗೊಬ್ಬ ಹುಡುಗ ಇಷ್ಟ ಆಗಿದ್ದಾನೆ. ಮದುವೆ ಅಂತೇನೂ ಇನ್ನೂ ಯೋಚನೆ ಮಾಡಿಲ್ಲ. ಸ್ವಲ್ಪ ದಿನ ನೋಡೋಣ ಅಂತಿದ್ದೀವಿ" ಅಂತ ಮಗಳೇ ಬಂದು ಹೇಳುವುದು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹೇಳಿದಳು ಅಂತಲೇ ಇಟ್ಟುಕೊಳ್ಳಿ. ಮಾರನೇ ದಿನವೇ ಗಂಡು ನೋಡುವುದು ಶುರುವಾಗುತ್ತದೆ.

ಪ್ರೀತಿಸಿ ಮದುವೆಯಾದವರ ಬಗ್ಗೆ ನಮ್ಮಲ್ಲಿ ಎದ್ದಿರುವ ಬಹುಪಾಲು ಜಗಳಗಳ ಬೇರು ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಹುಡುಗ ಹುಡುಗಿ ಭೇಟಿಯಾಗುವುದು ಈಗ ಎಷ್ಟೋ ಸುಲಭ. ಮದುವೆಯಾಗುವುದು ಕೂಡ ಕಾನೂನಿನ ಪ್ರಕಾರ ಅಂಥಾ ಕಷ್ಟವಲ್ಲ. ಇವೆರಡರ ಮಧ್ಯೆ ಒಬ್ಬರನ್ನೊಬ್ಬರು ಸರಿಯಾಗಿ ತಿಳಿದುಕೊಳ್ಳಲು ಬೇಕಾದ ಸಮಯ ಮತ್ತು ಜಾಗ, ಅಂದರೆ ಆ ನಡುವಿನ ಹಂತ, ಮಾತ್ರ ಒಂಚೂರೂ ಬೆಳೆದಿಲ್ಲ. ದೊಡ್ಡವರು "ಈ ಕಾಲದ ಹುಡುಗರಿಗೆ ಪ್ರೀತಿ ಅಂದರೆ ಏನು ಅಂತಲೇ ಗೊತ್ತಿಲ್ಲ" ಅನ್ನುತ್ತಾರೆ. ಗೊತ್ತು ಮಾಡಿಕೊಳ್ಳುವ ಅವಕಾಶವನ್ನು ಯಾರು ಕೊಟ್ಟಿದ್ದಾರೆ ಅನ್ನುವುದು ನನ್ನ ಪ್ರಶ್ನೆ.

ಕಣ್ಣಿಗೆ ಬೀಳುವುದು ಜಾಸ್ತಿಯಾಯಿತು

ಮೊದಲು ಊರು ಹೇಗೆ ಬದಲಾಯಿತು ನೋಡೋಣ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಂದಾಚೆ ಆ ಊರಿನ ಒಂದು ತಲೆಮಾರು ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಲೇ ಬದುಕು ಕಟ್ಟಿಕೊಂಡಿದೆ. ಈ ಕಡೆ ಮಾಲೂರು, ವೇಮಗಲ್, ನರಸಾಪುರಗಳಲ್ಲಿ ಕಾರ್ಖಾನೆಗಳು ಎದ್ದವು. ನರಸಾಪುರದಲ್ಲಿ 2013ರಲ್ಲಿ ಹೋಂಡಾ ಬೈಕ್ ತಯಾರಿಕೆ ಶುರುವಾಯಿತು. ಆಮೇಲೆ ಐಫೋನ್ ಜೋಡಿಸುವ ಘಟಕ ಬಂತು, 2023ರಲ್ಲಿ ಅದು ಟಾಟಾ ಕೈಗೆ ಹೋಯಿತು. ಅಲ್ಲಿ ಸಾಲಾಗಿ ಕೂತು ಕೆಲಸ ಮಾಡುವವರಲ್ಲಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಬಹಳ. ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೇ ಇಲ್ಲವಾಯಿತು. ಶ್ರೀನಿವಾಸಪುರದ ಹುಡುಗಿ ಕೋಲಾರದ ಕಾಲೇಜಿಗೆ, ಚಿಂತಾಮಣಿಯ ಹುಡುಗಿ ಬೆಂಗಳೂರಿನ ಕೆಲಸಕ್ಕೆ ಹೋಗಿ ಬರಲು "ಬಸ್ ಚಾರ್ಜ್ ಯಾರು ಕೊಡ್ತಾರೆ" ಅನ್ನುವ ಅಡ್ಡಗಾಲು ತಪ್ಪಿತು.

ಹತ್ತಿರ ಇದ್ದವರ ಮೇಲೆ ಇಷ್ಟ ಹುಟ್ಟುತ್ತದೆ ಅನ್ನುವುದು ಮನಃಶಾಸ್ತ್ರದಲ್ಲಿ ಬಹಳ ಹಳೆಯ ಮತ್ತು ಬಹಳ ಗಟ್ಟಿಯಾದ ಸಂಗತಿ. ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು 1950ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದವರ ವಸತಿ ಕಟ್ಟಡಗಳಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಅಂತ ನೋಡಿದ್ದರು. ಪಕ್ಕದ ಬಾಗಿಲಿನವರಲ್ಲಿ ನೂರಕ್ಕೆ 41 ಮಂದಿ ಹತ್ತಿರದ ಸ್ನೇಹಿತರಾಗಿದ್ದರು. ಎರಡು ಬಾಗಿಲು ಆಚೆಗೆ 22. ಅದೇ ಮಹಡಿಯ ಇನ್ನೊಂದು ತುದಿಯಲ್ಲಿ ಬರೀ 10. ಗುಣ, ಓದು, ಆಸಕ್ತಿ ಎಲ್ಲ ಆಮೇಲೆ. ಮೊದಲು ಬಾಗಿಲು ಎಲ್ಲಿದೆ ಅನ್ನುವುದೇ ಮುಖ್ಯವಾಯಿತು.

ಇನ್ನೊಂದು ಇದಕ್ಕಿಂತ ತಮಾಷೆಯಾಗಿದೆ. 1992ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ನೋಡಲು ಹೆಚ್ಚುಕಮ್ಮಿ ಒಂದೇ ತರ ಇದ್ದ ನಾಲ್ವರು ಯುವತಿಯರನ್ನು ಆರಿಸಿದರು. ದೊಡ್ಡ ತರಗತಿಯೊಂದಕ್ಕೆ ಒಬ್ಬಳು ಐದು ಸಲ, ಒಬ್ಬಳು ಹತ್ತು ಸಲ, ಒಬ್ಬಳು ಹದಿನೈದು ಸಲ ಬಂದು ಕೂತು ಹೋದರು. ನಾಲ್ಕನೆಯವಳು ಬರಲೇ ಇಲ್ಲ. ಯಾರೂ ಯಾರ ಹತ್ತಿರವೂ ಮಾತಾಡಲಿಲ್ಲ. ಕೊನೆಗೆ ಫೋಟೋ ತೋರಿಸಿ ಕೇಳಿದಾಗ, ಜಾಸ್ತಿ ಸಲ ಬಂದವಳೇ ವಿದ್ಯಾರ್ಥಿಗಳಿಗೆ ಜಾಸ್ತಿ ಇಷ್ಟವಾಗಿದ್ದಳು. ಮಾತಿಲ್ಲ ಕತೆಯಿಲ್ಲ, ಸುಮ್ನೆ ಕಣ್ಣಿಗೆ ಬಿದ್ದಿದ್ದಕ್ಕೇ ಇಷ್ಟ. ಬೆಳಿಗ್ಗೆ ಶಿಫ್ಟಿನ ಕಂಪನಿ ಬಸ್ಸಿನಲ್ಲಿ ದಿನಾ ಅದೇ ಮುಖ, ಅದೇ ಕಿಟಕಿ ಸೀಟು ಕಂಡರೆ ಏನಾಗುತ್ತದೆ ಅಂತ ಹೇಳಲು ಇನ್ನೊಂದು ಸಂಶೋಧನೆ ಬೇಕಿಲ್ಲ, ಅಲ್ವಾ?

"ಕೆಲಸಕ್ಕೆ ಕಳಿಸಿದ್ದೇ ತಪ್ಪಾಯಿತು" ಅನ್ನುವವರಿಗೆ ಒಂದು ಮಾತು. ಹತ್ತಿರ ಇದ್ದವರನ್ನೇ ಕಟ್ಟಿಕೊಳ್ಳುವ ಪದ್ಧತಿ ನಮಗೆ ಹೊಸದಲ್ಲ. ಅಕ್ಕನ ಮಗಳು, ಸೋದರತ್ತೆ ಮಗ ಅಂತ ಮನೆಯೊಳಗೇ ಜೋಡಿ ಹುಡುಕುವುದು ಈ ಸೀಮೆಯಲ್ಲಿ ಮಾಮೂಲು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಆ ಮದುವೆಗಳ ಆರೋಗ್ಯದ ತೊಂದರೆ ಬೇರೆ ವಿಷಯ. ಅಲ್ಲಿ ಒಂದು ಅನುಕೂಲ ಇತ್ತು ಅನ್ನುವುದನ್ನು ಒಪ್ಪಬೇಕು. ಹಬ್ಬ, ಜಾತ್ರೆ, ಬೇಸಿಗೆ ರಜೆ ಅಂತ ಹತ್ತಾರು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನೋಡಿರುತ್ತಿದ್ದರು. ಅವನ ಸಿಟ್ಟು ಎಂಥದ್ದು, ಅವಳ ಹಟ ಎಂಥದ್ದು ಅಂತ ಎರಡೂ ಮನೆಗೂ ಗೊತ್ತಿರುತ್ತಿತ್ತು. ಬಸ್ಸಿನಲ್ಲಿ ಸಿಕ್ಕ ಹುಡುಗನ ವಿಷಯದಲ್ಲಿ ಆ ತಿಳಿವಳಿಕೆಯನ್ನು ಸೊನ್ನೆಯಿಂದ ಕಟ್ಟಬೇಕು. ಅದನ್ನು ಕದ್ದುಮುಚ್ಚಿ ಕಟ್ಟಬೇಕು.

ಫೋನ್ ಮಾಡುವ ಕೆಲಸ

ಹೀಗೆ ಕಣ್ಣಲ್ಲಿ ಶುರುವಾದದ್ದು ನಂಬರ್ ಸಿಕ್ಕ ಮೇಲೆ ಪೂರ್ತಿ ಫೋನಿಗೆ ಹೋಗುತ್ತದೆ. ಅದೂ ಹೇಗೆ? ಅಪ್ಪ ಮಲಗಿದ ಮೇಲೆ, ತಂಗಿ ಪಕ್ಕದಲ್ಲಿ ಇಲ್ಲದಾಗ, ನೈಟ್ ಶಿಫ್ಟಿನ ಬ್ರೇಕಿನಲ್ಲಿ. ಒಂದು ದಿನ ಎರಡು ಗಂಟೆ ಮಾತು. ಮಾರನೇ ದಿನ ಒಂದು ಮೆಸೇಜೂ ಇಲ್ಲ. "ಆನ್‌ಲೈನ್ ಇದ್ದಾಳೆ, ಬ್ಲೂ ಟಿಕ್ ಬಂದಿದೆ, ರಿಪ್ಲೈ ಮಾಡ್ತಿಲ್ಲ." ಹುಡುಗ ಹತ್ತು ಸಲ ಲಾಸ್ಟ್ ಸೀನ್ ನೋಡುತ್ತಾನೆ. ಅವಳ ಫೋನ್ ಅಮ್ಮನ ಕೈಯಲ್ಲಿದೆ ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ಈ ಇದ್ದೂ ಇಲ್ಲದ ಸ್ಥಿತಿಗೆ ಮನಸ್ಸು ವಿಚಿತ್ರವಾಗಿ ಅಂಟಿಕೊಳ್ಳುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಕುಕ್ಕಿದಾಗೆಲ್ಲ ಕಾಳು ಸಿಗುತ್ತಿದ್ದ ಪಕ್ಷಿ, ಕಾಳು ನಿಂತ ಮೇಲೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಗುತ್ತದೆ ಅಂತಲೇ ಗೊತ್ತಿಲ್ಲದ ಪಕ್ಷಿ ಮಾತ್ರ ಬಹಳ ಹೊತ್ತು ಬಿಡುವುದಿಲ್ಲ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಅದೇ ಟೊಮೆಟೊವನ್ನು ರಸ್ತೆಗೆ ಸುರಿದಿದ್ದೂ ಇದೆ. ಆದರೂ ಮತ್ತೆ ನಾಟಿ ಮಾಡುತ್ತಾರೆ. ಒಂದು ಸಲ ಸಿಕ್ಕ ರೇಟು ಹತ್ತು ಸಲದ ನಷ್ಟವನ್ನು ಮರೆಸುತ್ತದೆ.

2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗ ನೇರವಾಗಿ ಪ್ರೀತಿಯ ವಿಷಯಕ್ಕೇ ಬರುತ್ತದೆ. ಕಾಲೇಜು ಹುಡುಗಿಯರಿಗೆ ಕೆಲವು ಹುಡುಗರ ಫೇಸ್‌ಬುಕ್ ಪುಟ ತೋರಿಸಿದರು. ಕೆಲವರಿಗೆ "ಇವರಿಗೆ ನೀನು ತುಂಬಾ ಇಷ್ಟವಾದೆ" ಅಂದರು. ಕೆಲವರಿಗೆ "ಸುಮಾರಾಗಿ ಇಷ್ಟವಾದೆ" ಅಂದರು. ಇನ್ನು ಕೆಲವರಿಗೆ "ಎರಡರಲ್ಲಿ ಯಾವುದು ಅಂತ ಹೇಳಲಾಗದು" ಅಂದರು. ಹುಡುಗರ ಮೇಲೆ ಅತಿ ಹೆಚ್ಚು ಆಕರ್ಷಣೆ ಹುಟ್ಟಿದ್ದು ಈ ಮೂರನೇ ಗುಂಪಿನವರಿಗೆ. ಅವರು ಆ ಹುಡುಗರ ಬಗ್ಗೆ ಜಾಸ್ತಿ ಯೋಚಿಸಿದ್ದರು. ಯೋಚಿಸಿದ್ದೇ ಇಷ್ಟವಾಗಿ ಬದಲಾಯಿತು.

ಹೆಲೆನ್ ಫಿಶರ್ ಮತ್ತು ಸಂಗಡಿಗರು 2005ರಲ್ಲಿ ಹೊಸದಾಗಿ ಪ್ರೀತಿಯಲ್ಲಿ ಬಿದ್ದಿದ್ದ 17 ಜನರ ಮಿದುಳನ್ನು ಸ್ಕ್ಯಾನ್ ಮಾಡಿದ್ದರು. ಪ್ರೀತಿಸಿದವರ ಫೋಟೋ ನೋಡಿದಾಗ ಡೋಪಮಿನ್ ಅನ್ನುವ ರಾಸಾಯನಿಕ ತಯಾರಾಗುವ, ಏನನ್ನೋ ಪಡೆಯಲೇಬೇಕು ಅಂತ ನಮ್ಮನ್ನು ಓಡಿಸುವ ಭಾಗ ಚುರುಕಾಗಿತ್ತು. 2010ರಲ್ಲಿ ಅದೇ ತಂಡ, ಪ್ರೀತಿಸಿದವರು ಬಿಟ್ಟುಹೋಗಿದ್ದ 15 ಜನರನ್ನು ಪರೀಕ್ಷಿಸಿತು. ಅವರಲ್ಲೂ ಆ ಭಾಗ ಚುರುಕಾಗಿಯೇ ಇತ್ತು. ಸಿಗದಿದ್ದರೂ ಬಯಕೆ ಕೂಡಲೇ ಆರುವುದಿಲ್ಲ ಅಂತಾಯಿತು. ಡೊರೊತಿ ಟೆನಾವ್ ಅನ್ನುವ ಮನಃಶಾಸ್ತ್ರಜ್ಞೆ 1979ರಲ್ಲಿ ಈ ಹುಚ್ಚು ಸೆಳೆತಕ್ಕೆ ಲಿಮರೆನ್ಸ್ ಅಂತ ಹೆಸರಿಟ್ಟರು. ನೂರಾರು ಜನರನ್ನು ಮಾತಾಡಿಸಿ ಅವರು ಕಂಡುಕೊಂಡದ್ದು ಇದು: ಈ ಸೆಳೆತ ಬದುಕಲು ಎರಡು ಬೇಕು, ಆಸೆ ಮತ್ತು ಅನುಮಾನ. ಪೂರ್ತಿ ಸಿಕ್ಕರೆ ಇಳಿಯುತ್ತದೆ, ಪೂರ್ತಿ ಇಲ್ಲ ಅಂದರೂ ಇಳಿಯುತ್ತದೆ. ನಮ್ಮ ಮನೆಗಳು ಈ ಎರಡನ್ನೂ ಪುಕ್ಕಟೆಯಾಗಿ ಒದಗಿಸುತ್ತವೆ. ಫೋನ್ ಕಿತ್ತುಕೊಳ್ಳುವುದು, ಮತ್ತೆ ಕೊಡುವುದು, ಮತ್ತೆ ಕಿತ್ತುಕೊಳ್ಳುವುದು. ಪ್ರೀತಿ ಬಿಡಿಸಲು ಮಾಡುವ ಈ ಕೆಲಸ ಸ್ಕಿನ್ನರ್ ಪ್ರಯೋಗವನ್ನೇ ಮನೆಯಲ್ಲಿ ನಡೆಸಿದಂತೆ.

ಅಡ್ಡಿ ಬಂದರೆ ಪ್ರೀತಿ ಬೆಳೆಯುತ್ತದಾ?

ಎಲ್ಲರೂ ಹೌದು ಅನ್ನುತ್ತಾರೆ. ಸಿನಿಮಾ ಕೂಡ ಅದನ್ನೇ ಹೇಳಿಕೊಟ್ಟಿದೆ. 1972ರಲ್ಲಿ ಅಮೆರಿಕದ ಮೂವರು ಸಂಶೋಧಕರು 140 ಜೋಡಿಗಳನ್ನು ಕೆಲವು ತಿಂಗಳ ಅಂತರದಲ್ಲಿ ಎರಡು ಸಲ ಮಾತಾಡಿಸಿದರು. ಅಪ್ಪ ಅಮ್ಮನ ಅಡ್ಡಿ ಹೆಚ್ಚಾದ ಕಡೆ ಪ್ರೀತಿಯೂ ಹೆಚ್ಚಾಗಿತ್ತು ಅಂತ ಬರೆದು, ಅದಕ್ಕೆ ರೋಮಿಯೋ ಜೂಲಿಯೆಟ್ ಪರಿಣಾಮ ಅಂತ ಹೆಸರು ಕೊಟ್ಟರು. ಆ ಹೆಸರು ನಿಂತುಬಿಟ್ಟಿತು. 2014ರಲ್ಲಿ ಬೇರೆ ಮೂವರು ಅದೇ ಅಳತೆಗಳನ್ನು ಇಟ್ಟುಕೊಂಡು ಇನ್ನೂ ದೊಡ್ಡ ಗುಂಪಿನ ಮೇಲೆ ಮತ್ತೆ ನೋಡಿದರು. ಆ ಪರಿಣಾಮ ಸಿಗಲಿಲ್ಲ. ಮನೆಯವರು, ಸ್ನೇಹಿತರು ಒಪ್ಪದ ಕಡೆ ಪ್ರೀತಿ, ನಂಬಿಕೆ, ಬದ್ಧತೆ ಕಮ್ಮಿಯಾಗುವುದೇ ಕಂಡಿತು.

ಹಾಗಾದರೆ ನಮ್ಮ ಕಣ್ಣೆದುರು ಅಡ್ಡಿಯಿಂದ ಪ್ರೀತಿ ಉಕ್ಕುವ ಹಾಗೆ ಕಾಣುವುದು ಯಾಕೆ? ಉಕ್ಕಿಸುತ್ತಿರುವುದು ಅಡ್ಡಿಯ ಜೊತೆ ಬರುವ ಗುಟ್ಟು ಅಂತ ನನಗನಿಸುತ್ತದೆ. 1994ರಲ್ಲಿ ಡೇನಿಯಲ್ ವೆಗ್ನರ್ ತಂಡ ಒಂದು ಮಜವಾದ ಪ್ರಯೋಗ ಮಾಡಿತು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಹುಡುಗರು, ಇಬ್ಬರು ಹುಡುಗಿಯರನ್ನು ಇಸ್ಪೀಟು ಆಡಲು ಕೂರಿಸಿದರು. ಒಂದು ಜೋಡಿಗೆ ಮೇಜಿನ ಕೆಳಗೆ ಕಾಲಿಗೆ ಕಾಲು ತಾಗಿಸಿಕೊಂಡು ಆಡಲು ಹೇಳಿದರು. ಎದುರಿನ ಜೋಡಿಗೆ ಅದು ಕೆಲವು ಸಲ ಗೊತ್ತಿತ್ತು, ಕೆಲವು ಸಲ ಗೊತ್ತಿರಲಿಲ್ಲ. ಗುಟ್ಟಾಗಿ ಕಾಲು ತಾಗಿಸಿದವರಿಗೇ ತಮ್ಮ ಜೊತೆಗಾರರ ಮೇಲೆ ಹೆಚ್ಚು ಸೆಳೆತ ಹುಟ್ಟಿತ್ತು. ಮುಚ್ಚಿಡಬೇಕಾದ ವಿಷಯವನ್ನು ಮನಸ್ಸು ಪದೇ ಪದೇ ಮುಟ್ಟಿ ನೋಡಿಕೊಳ್ಳುತ್ತದೆ. ಪದೇ ಪದೇ ನೆನಪಾಗುವುದು ದೊಡ್ಡದಾಗಿ ಕಾಣುತ್ತದೆ.

ಇದು ಆರಂಭದ ಮಾತು. ವರ್ಷಗಟ್ಟಲೆ ಗುಟ್ಟು ಇಟ್ಟರೆ? 2009ರಲ್ಲಿ ಜಸ್ಟಿನ್ ಲೆಹ್‌ಮಿಲ್ಲರ್ ಪ್ರಕಟಿಸಿದ ಅಧ್ಯಯನದಲ್ಲಿ, ಸಂಬಂಧವನ್ನು ಜಾಸ್ತಿ ಮುಚ್ಚಿಟ್ಟವರಲ್ಲಿ ಬದ್ಧತೆ ಕಮ್ಮಿ ಇತ್ತು, ಆರೋಗ್ಯವೂ ಸ್ವಲ್ಪ ಕೆಟ್ಟಿತ್ತು. ಮೊದಲ ಆರು ತಿಂಗಳು ರೋಮಾಂಚನ ಅನಿಸಿದ್ದೇ ಆಮೇಲೆ ಹೊರೆಯಾಗುತ್ತದೆ. ಆ ಹೊರೆ ಇಳಿಸುವ ದಾರಿ ಯಾವುದು ಅಂತ ಕೇಳಿದರೆ ನಮ್ಮ ಹುಡುಗರಿಗೆ ಹೊಳೆಯುವುದು ಒಂದೇ, ಓಡಿಹೋಗಿ ಮದುವೆಯಾಗುವುದು.

ಗುಟ್ಟು ಮಾಡುವ ಇನ್ನೊಂದು ಕೆಡುಕನ್ನು ಯಾರೂ ಹೇಳುವುದಿಲ್ಲ. ಅದು ಇಬ್ಬರ ನಡುವಿನ ಜಗಳಗಳನ್ನೇ ಬದಲಾಯಿಸುತ್ತದೆ. ಕದ್ದು ಪ್ರೀತಿಸುವವರ ಜಗಳ ಯಾವುದರ ಬಗ್ಗೆ ಇರುತ್ತದೆ? "ಯಾಕೆ ಫೋನ್ ಎತ್ತಲಿಲ್ಲ", "ಆ ಹುಡುಗ ಯಾರು", "ಮನೇಲಿ ಯಾವಾಗ ಹೇಳ್ತೀಯ". ದುಡ್ಡು ಯಾರ ಕೈಯಲ್ಲಿರಬೇಕು, ಮದುವೆಯಾದ ಮೇಲೆ ಅವಳು ಕೆಲಸಕ್ಕೆ ಹೋಗುತ್ತಾಳಾ, ಅವನ ಅಮ್ಮ ಜೊತೆಗಿರುತ್ತಾರಾ, ಮನೆಯಲ್ಲಿ ಮಾಂಸ ಬೇಯಿಸಬಹುದಾ, ಅವನ ಕುಡಿತ ತಿಂಗಳಿಗೊಂದು ಸಲವಾ ವಾರಕ್ಕೆ ಮೂರು ಸಲವಾ ಅನ್ನುವುದೆಲ್ಲ ಮೇಲೆ ಬರುವುದೇ ಇಲ್ಲ. ಮನೆಯವರು ಅನ್ನುವ ಒಂದೇ ಒಂದು ದೊಡ್ಡ ತೊಂದರೆ ಉಳಿದೆಲ್ಲ ತೊಂದರೆಗಳ ಮೇಲೆ ಕಂಬಳಿ ಹೊದಿಸಿರುತ್ತದೆ. "ಮದುವೆ ಒಂದು ಆಗಿಬಿಟ್ಟರೆ ಎಲ್ಲಾ ಸರಿಹೋಗುತ್ತೆ" ಅನ್ನುವ ನಂಬಿಕೆ ಹುಟ್ಟುವುದು ಅಲ್ಲಿಂದ. ಗಂಡ ಹೆಂಡತಿ ಹೇಗೆ ಜಗಳವಾಡುತ್ತಾರೆ ಅನ್ನುವುದರಲ್ಲೇ ಅವರ ಮುಂದಿನ ದಿನಗಳ ಸುಳಿವಿದೆ ಅಂತ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಶಕಗಟ್ಟಲೆ ಜೋಡಿಗಳನ್ನು ಕೂರಿಸಿ ನೋಡಿ ಹೇಳಿದ್ದಾರೆ. ಸಿಟ್ಟಿಗಿಂತ ತಾತ್ಸಾರ ಅಪಾಯ ಅನ್ನುವುದು ಅವರ ಮುಖ್ಯ ಮಾತು. ಅವನು ಸಿಟ್ಟು ಬಂದಾಗ ಕೂಗುತ್ತಾನಾ, ಹಂಗಿಸುತ್ತಾನಾ, ಕೈ ಎತ್ತುತ್ತಾನಾ? ಮಧ್ಯರಾತ್ರಿ ಪಿಸುಮಾತಿನಲ್ಲಿ ಅದು ತಿಳಿಯುವುದಿಲ್ಲ.

ಇಷ್ಟೆಲ್ಲ ಹೇಳಿ "ಹಾಗಾದರೆ ಮುಚ್ಚಿಡಬೇಡಿ" ಅಂತ ಹುಡುಗಿಗೆ ಬುದ್ಧಿ ಹೇಳುವುದು ಸುಲಭ. ಅವಳ ಹೆದರಿಕೆ ಸುಳ್ಳಲ್ಲ. 2023ರ ಜೂನ್‌ನಲ್ಲಿ ಕೋಲಾರ ಜಿಲ್ಲೆಯಲ್ಲೇ, ಬೇರೆ ಜಾತಿಯ ಹುಡುಗನನ್ನು ಪ್ರೀತಿಸಿದ್ದಕ್ಕೆ ತಂದೆಯೇ ಮಗಳನ್ನು ಕೊಂದ ಆರೋಪದ ಪ್ರಕರಣ ನಡೆಯಿತು. ಆ ಹುಡುಗನೂ ಉಳಿಯಲಿಲ್ಲ. ದೇಶದಲ್ಲಿ ಜಾತಿ ಮೀರಿದ ಮದುವೆಗಳು ನೂರಕ್ಕೆ ಐದರ ಆಸುಪಾಸು ಅಂತ 2011-12ರ ಮಾನವ ಅಭಿವೃದ್ಧಿ ಸಮೀಕ್ಷೆ ಹೇಳಿತ್ತು. "ಹುಡುಗ ಸರಿಯಿಲ್ಲ", "ಕೆಲಸ ಇಲ್ಲ", "ಜಾತಕ ಕೂಡಲ್ಲ" ಅಂತ ಮನೆಗಳು ಕೊಡುವ ಕಾರಣಗಳನ್ನು ಸ್ವಲ್ಪ ಕೆರೆದರೆ ಕೆಳಗೆ ಬಹಳ ಸಲ ಸಿಗುವುದು ಜಾತಿಯೇ.

ಎಷ್ಟು ಗಂಟೆ ಬೇಕು?

ಒಬ್ಬರನ್ನು ಹತ್ತಿರದಿಂದ ತಿಳಿಯಲು ಎಷ್ಟು ಹೊತ್ತು ಬೇಕು? ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದನ್ನು ಲೆಕ್ಕ ಹಾಕಲು ನೋಡಿದರು. ಅವರು ನೋಡಿದ್ದು ಸ್ನೇಹವನ್ನು, ಪ್ರೇಮವನ್ನಲ್ಲ. ಪರಿಚಯ ಸ್ನೇಹವಾಗಲು ಸುಮಾರು 50 ಗಂಟೆ, ಗಟ್ಟಿ ಸ್ನೇಹವಾಗಲು 200 ಗಂಟೆಗೂ ಜಾಸ್ತಿ ಜೊತೆಗಿರಬೇಕು ಅಂತ ಅಂದಾಜು ಸಿಕ್ಕಿತು. ಶಿಫ್ಟ್ ಬಿಟ್ಟ ಮೇಲೆ ವಾರಕ್ಕೆ ಒಂದು ಗಂಟೆ ಕದ್ದು ಸಿಕ್ಕರೆ 200 ಗಂಟೆ ತುಂಬಲು ಹತ್ತಿರಹತ್ತಿರ ನಾಲ್ಕು ವರ್ಷ ಬೇಕು. ಅಷ್ಟರೊಳಗೆ ಮನೆಯಲ್ಲಿ ಗಂಡು ನಿಕ್ಕಿಯಾಗಿರುತ್ತದೆ.

"ರಾತ್ರಿಯೆಲ್ಲ ಫೋನಲ್ಲೇ ಇರ್ತಾರಲ್ಲ, ಇನ್ನೇನು ಬೇಕು?" ಅಂತ ಕೇಳಬಹುದು. ಮಾತಿನಿಂದ ಆಪ್ತತೆ ಬೆಳೆಯುವುದು ನಿಜ. ಆರ್ಥರ್ ಆರನ್ 1997ರಲ್ಲಿ ತೋರಿಸಿದಂತೆ, ಅಪರಿಚಿತರು ಒಬ್ಬರಿಗೊಬ್ಬರು ಹೆಚ್ಚು ಹೆಚ್ಚು ಒಳಗಿನ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾ ಹೋದರೆ ಮುಕ್ಕಾಲು ಗಂಟೆಯಲ್ಲೇ ಹತ್ತಿರವಾದ ಹಾಗೆ ಅನಿಸುತ್ತದೆ. ಆದರೆ ಜೋಸೆಫ್ ವಾಲ್ಥರ್ 1996ರಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಬರೀ ಬರಹದ ಮೂಲಕ ಸಂಪರ್ಕ ಇದ್ದಾಗ ನಾವು ನಮ್ಮ ಒಳ್ಳೆಯ ಮುಖವನ್ನೇ ಆರಿಸಿ ತೋರಿಸುತ್ತೇವೆ. ಆ ಕಡೆಯವರು ಗೊತ್ತಿಲ್ಲದ ಜಾಗಗಳನ್ನು ತಮಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾರೆ. ಹೀಗೆ ಎದುರಾಎದುರು ಸಿಕ್ಕಿದ್ದಕ್ಕಿಂತ ಜಾಸ್ತಿ ಆಪ್ತತೆ ಹುಟ್ಟುತ್ತದೆ, ತಿಳಿವಳಿಕೆ ಕಮ್ಮಿ ಇರುತ್ತದೆ. ಫೋನಿನಲ್ಲಿ ಅವನು ಹೇಳಿದ್ದು ಗೊತ್ತಾಗುತ್ತದೆ. ಹೋಟೆಲಿನ ಸಪ್ಲೈಯರ್ ಹತ್ತಿರ ಅವನು ಹೇಗೆ ಮಾತಾಡುತ್ತಾನೆ ಅನ್ನುವುದು ಗೊತ್ತಾಗುವುದಿಲ್ಲ.

ಸಿಕ್ಕಿದ ಒಂದು ದಿನ ಎಲ್ಲಿಗೆ ಹೋಗುತ್ತಾರೆ? ಬೈಕ್ ಇದ್ದರೆ ನಂದಿಬೆಟ್ಟ. ಯಾರೂ ನೋಡಬಾರದು ಅಂತ ಮುಖಕ್ಕೆ ದುಪಟ್ಟ, ಚಳಿಗೆ ನಡುಕ, ತಿರುವುಗಳಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುವುದು, ಎಲ್ಲಿ ಊರಿನವರು ಸಿಕ್ಕಿಬಿಡುತ್ತಾರೋ ಅನ್ನುವ ಎದೆಬಡಿತ. 1974ರಲ್ಲಿ ಡಟನ್ ಮತ್ತು ಆರನ್ ಕೆನಡಾದಲ್ಲಿ ಸುಮಾರು 70 ಮೀಟರ್ ಎತ್ತರದ ತೂಗುಸೇತುವೆ ದಾಟುವ ಗಂಡಸರನ್ನು ಒಬ್ಬ ಯುವತಿಯಿಂದ ಮಾತಾಡಿಸಿ, ಅವಳ ನಂಬರ್ ಕೊಡಿಸಿದರು. ಗಟ್ಟಿ ಸೇತುವೆಯ ಮೇಲೆ ಸಿಕ್ಕವರಿಗಿಂತ ತೂಗುಸೇತುವೆಯ ಮೇಲೆ ಸಿಕ್ಕವರೇ ಆಮೇಲೆ ಅವಳಿಗೆ ಹೆಚ್ಚಾಗಿ ಫೋನ್ ಮಾಡಿದರು. ಭಯದ ಎದೆಬಡಿತವನ್ನು ಅವರು ಆಕರ್ಷಣೆ ಅಂದುಕೊಂಡರು ಅನ್ನುವುದು ಸಂಶೋಧಕರ ವಿವರಣೆ. ಆ ಪ್ರಯೋಗದ ವಿಧಾನದ ಬಗ್ಗೆ ಆಮೇಲೆ ತಕರಾರುಗಳು ಬಂದಿವೆ, ಇರಲಿ. ನಂದಿಬೆಟ್ಟದ ತಿರುವಿನಲ್ಲಿ ಅನಿಸಿದ್ದರಲ್ಲಿ ಎಷ್ಟು ಪಾಲು ಹುಡುಗನದು, ಎಷ್ಟು ಪಾಲು ಹೆದರಿಕೆಯದು ಅಂತ ಬಿಡಿಸುವುದು ಕಷ್ಟ ಅನ್ನುವುದು ಮಾತ್ರ ಅನುಭವ ಇದ್ದವರಿಗೆಲ್ಲ ಗೊತ್ತು.

ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಪ್ರೀತಿಯನ್ನು ಮೂರು ಅಂಶಗಳಾಗಿ ಬಿಡಿಸಿದರು: ಆಪ್ತತೆ, ಉತ್ಕಟತೆ, ಬದ್ಧತೆ. ಅವರ ಲೆಕ್ಕದಲ್ಲಿ ಉತ್ಕಟತೆ ಬೇಗ ಏರಿ ಬೇಗ ಇಳಿಯುತ್ತದೆ. ಆಪ್ತತೆ ನಿಧಾನ. ಓಡಿಹೋಗುವ ಜೋಡಿಗಳಲ್ಲಿ ಉತ್ಕಟತೆ ಮೇಲಿನ ತುದಿಯಲ್ಲಿರುವಾಗಲೇ ಬದ್ಧತೆಯ ನಿರ್ಧಾರ ಆಗಿಬಿಡುತ್ತದೆ. ಆಪ್ತತೆ ಇನ್ನೂ ಅರ್ಧ ದಾರಿಯಲ್ಲಿರುತ್ತದೆ.

ಓಡಿಹೋದ ಮೇಲೆ

"ಲವ್ ಮ್ಯಾರೇಜ್ ಉಳಿಯಲ್ಲ, ಮನೆಯವರು ಮಾಡಿದ್ದು ಉಳಿಯುತ್ತೆ." ಇದಕ್ಕೆ ಆಧಾರವಾಗಿ ವಾಟ್ಸ್ಆ್ಯಪ್‌ನಲ್ಲಿ, ಭಾಷಣಗಳಲ್ಲಿ ಪದೇ ಪದೇ ಬರುವ ಒಂದು ಅಧ್ಯಯನ ಇದೆ. 1982ರಲ್ಲಿ ಗುಪ್ತಾ ಮತ್ತು ಸಿಂಗ್ ಜೈಪುರದಲ್ಲಿ ಮಾಡಿದ್ದು. ಪ್ರೀತಿಸಿ ಮದುವೆಯಾದವರಲ್ಲಿ ಪ್ರೀತಿ ಮೊದಲು ಜಾಸ್ತಿ ಇದ್ದು ವರ್ಷ ಕಳೆದಂತೆ ಇಳಿಯಿತು, ಮನೆಯವರು ಮಾಡಿಸಿದ ಮದುವೆಯಲ್ಲಿ ನಿಧಾನವಾಗಿ ಏರಿತು ಅಂತ ಅದು ಹೇಳಿತು. ಅದರಲ್ಲಿದ್ದದ್ದು ಬರೀ 50 ಜೋಡಿ. ಒಂದೇ ಜೋಡಿಯನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ್ದೂ ಅಲ್ಲ, ಬೇರೆ ಬೇರೆ ವರ್ಷಗಳ ಹಿಂದೆ ಮದುವೆಯಾದವರನ್ನು ಪಕ್ಕಪಕ್ಕ ಇಟ್ಟು ನೋಡಿದ್ದು. 2012ರಲ್ಲಿ ಅಮೆರಿಕದಲ್ಲಿರುವ ಭಾರತೀಯರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಎರಡು ಬಗೆಯ ಮದುವೆಗಳ ನಡುವೆ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅದೂ ಚಿಕ್ಕದೇ. ಇವನ್ನು ಹಿಡಿದುಕೊಂಡು ಯಾವ ಕಡೆಗೂ ತೀರ್ಪು ಕೊಡಲಾಗದು.

ನನಗೆ ಕಾಣುವ ವ್ಯತ್ಯಾಸ ಪ್ರೀತಿಯಲ್ಲಿಲ್ಲ, ಬೆನ್ನಹಿಂದೆ ಯಾರಿದ್ದಾರೆ ಅನ್ನುವುದರಲ್ಲಿದೆ. ಮನೆಯವರು ಮಾಡಿಸಿದ ಮದುವೆಯಲ್ಲಿ ಗಂಡ ಹೊಡೆದರೆ ತವರಿಗೆ ಫೋನ್ ಹೋಗುತ್ತದೆ. ಮಾವ ಬರುತ್ತಾನೆ, ದೊಡ್ಡಪ್ಪ ಬರುತ್ತಾನೆ, ಎರಡೂ ಕಡೆಯವರು ಕೂತು ಬೈದು ರಾಜಿ ಮಾಡುತ್ತಾರೆ. ಆ ರಾಜಿ ಎಷ್ಟೋ ಸಲ ಹೆಣ್ಣಿಗೆ ಅನ್ಯಾಯದ್ದೇ ಆಗಿರುತ್ತದೆ. ಆದರೂ ಒಂದು ಬಾಗಿಲು ತೆರೆದಿರುತ್ತದೆ. ಬಾಣಂತನಕ್ಕೆ, ಬಾಡಿಗೆ ಮನೆಯ ಅಡ್ವಾನ್ಸಿಗೆ ಕೈ ಚಾಚಲು ಒಂದು ಜಾಗ ಇರುತ್ತದೆ. ಓಡಿಹೋದವಳಿಗೆ ಸಿಗುವ ಉತ್ತರ ಒಂದೇ: "ನೀನೇ ಮಾಡ್ಕೊಂಡಿದ್ದು, ನೀನೇ ಅನುಭವಿಸು." ಸುತ್ತಲಿನವರ ಒಪ್ಪಿಗೆ ಇದ್ದ ಸಂಬಂಧ ಹೆಚ್ಚು ಬಾಳುತ್ತದೆ ಅಂತ ಪಾಶ್ಚಾತ್ಯ ದೇಶಗಳ ಅಧ್ಯಯನಗಳೂ ಹೇಳುತ್ತಾ ಬಂದಿವೆ. ಬೆಂಬಲ ಕಿತ್ತುಕೊಂಡು, ಬಿದ್ದ ಮೇಲೆ "ನೋಡು, ನಾವು ಹೇಳಿರಲಿಲ್ವಾ" ಅನ್ನುವುದು ಸರಿಯಾದ ಲೆಕ್ಕವಲ್ಲ.

ಕ್ಯಾರಿಲ್ ರಸ್‌ಬಲ್ಟ್ 1980ರಲ್ಲಿ ಮಂಡಿಸಿದ ಒಂದು ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜನ ಸಂಬಂಧದಲ್ಲಿ ಉಳಿಯುವುದು ಬರೀ ಸುಖ ಇದೆ ಅಂತಲ್ಲ. ಬೇರೆ ದಾರಿ ಎಷ್ಟಿದೆ, ಆ ಸಂಬಂಧಕ್ಕಾಗಿ ಈವರೆಗೆ ಏನೇನು ಹೂಡಿದ್ದೇವೆ, ಕಳೆದುಕೊಂಡಿದ್ದೇವೆ ಅನ್ನುವುದನ್ನೂ ನೋಡುತ್ತಾರೆ. ತವರು, ಊರು, ಕೆಲವು ಸಲ ಕೆಲಸ ಕೂಡ ಬಿಟ್ಟು ಬಂದ ಹುಡುಗಿಗೆ ಬೇರೆ ದಾರಿ ಸೊನ್ನೆ, ಕಳೆದುಕೊಂಡದ್ದು ಬೆಟ್ಟದಷ್ಟು. ಕೆಟ್ಟ ಮದುವೆಯಲ್ಲೂ ಅವಳು ಉಳಿಯುತ್ತಾಳೆ, ಬಾಯಿಬಿಡುವುದಿಲ್ಲ. ಹಾಗೆ ಮೌನವಾಗಿ ಉಳಿದದ್ದನ್ನು ನಾವು "ಪರವಾಗಿಲ್ಲ, ಚೆನ್ನಾಗಿದ್ದಾರೆ" ಅನ್ನುತ್ತೇವೆ.

ಬಿಟ್ಟುಹೋದ ಪ್ರೀತಿಯ ನೋವು ಬೇರೆಯೇ ಲೇಖನ ಕೇಳುತ್ತದೆ. ಇಲ್ಲಿ ಇಷ್ಟು ಸಾಕು: ಗುಟ್ಟಾಗಿ ಪ್ರೀತಿಸಿದವರಿಗೆ ಬ್ರೇಕಪ್ ಆದಾಗ ಅಳಲೂ ಗುಟ್ಟು ಬೇಕು. ತಡೆಯಲಾಗದಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಕಾನೂನು ಕೊಟ್ಟದ್ದು, ಕೊಡದ್ದು

ವಯಸ್ಸಿಗೆ ಬಂದವರು ಇಷ್ಟಪಟ್ಟವರನ್ನು ಮದುವೆಯಾಗಬಹುದು ಅನ್ನುವುದರಲ್ಲಿ ಕಾನೂನಿಗೆ ಗೊಂದಲವಿಲ್ಲ. ಹುಡುಗಿಗೆ 18, ಹುಡುಗನಿಗೆ 21. 2006ರ ಲತಾ ಸಿಂಗ್ ಪ್ರಕರಣದಲ್ಲಿ, 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಎರಡನೇ ತೀರ್ಪು ಇಂಥ ಜೋಡಿಗಳಿಗಾಗಿ ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ ಬೇಕು, ಸುರಕ್ಷಿತ ವಸತಿಯನ್ನೂ ಸರ್ಕಾರಗಳು ಪರಿಗಣಿಸಬಹುದು ಅಂತಲೂ ಹೇಳಿದೆ. ಹುಡುಗಿಗೆ 18 ತುಂಬಿಲ್ಲದಿದ್ದರೆ ಕತೆಯೇ ಬೇರೆ. ಅವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ಹುಡುಗ ಜೈಲಿಗೆ ಹೋಗಬೇಕಾಗಬಹುದು. ಪಿಯುಸಿ ಹುಡುಗಿಯನ್ನು ಕರೆದುಕೊಂಡು ಹೋಗುವ ಹತ್ತೊಂಬತ್ತರ ಹುಡುಗನಿಗೆ ಇದನ್ನು ಮೊದಲೇ ಯಾರಾದರೂ ಹೇಳಿರುತ್ತಾರಾ? ಬಹಳ ಕಮ್ಮಿ.

ಒಂದು ವಿಪರ್ಯಾಸ ಇದೆ. ಇಬ್ಬರೂ ಹಿಂದೂಗಳಾದರೆ, ಜಾತಿ ಬೇರೆ ಇದ್ದರೂ, 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ದೇವಸ್ಥಾನದಲ್ಲಿ ಮದುವೆಯಾಗಿ ನೋಂದಾಯಿಸಬಹುದು, ಕಾಯಬೇಕಿಲ್ಲ. ಧರ್ಮ ಬೇರೆಯಾಗಿ, ಯಾರೂ ಮತ ಬದಲಿಸದೆ ಮದುವೆಯಾಗಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ 30 ದಿನಗಳ ನೋಟಿಸ್. ಕಾಗದದ ಮೇಲೆ ಅದು ಯೋಚಿಸಲು ಸಿಕ್ಕ ಸಮಯದಂತೆ ಕಾಣುತ್ತದೆ. ಆದರೆ ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಹೆಸರು, ವಿಳಾಸ ಓದಿದ ಯಾರೋ ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ತಿಂಗಳು ಪೂರ್ತಿ ಅದು ಜೋಡಿಯ ಕುತ್ತಿಗೆಗೆ ಬರುತ್ತದೆ. ಯೋಚಿಸುವ ಪುರುಸೊತ್ತು ಅಲ್ಲೂ ಸಿಗುವುದಿಲ್ಲ.

ಹಾಗಾದರೆ ಈ ನಡುವಿನ ಹಂತ ಪಟ್ಟಣದವರ ಡೇಟಿಂಗ್ ಚಟ, ನಮ್ಮ ಊರಿಗೆ ಹೊಂದುವುದಲ್ಲ ಅನ್ನುವ ವಾದವನ್ನು ನೋಡೋಣ. ಮುಳಬಾಗಿಲಲ್ಲೋ ಗೌರಿಬಿದನೂರಲ್ಲೋ ಈಗ ನಡೆಯುವ ಯಾವುದಾದರೂ ಮನೆಯವರು ನೋಡಿದ ಮದುವೆಯನ್ನು ತೆಗೆದುಕೊಳ್ಳಿ. ನಿಶ್ಚಿತಾರ್ಥಕ್ಕೂ ಮದುವೆಗೂ ಮೂರು ನಾಲ್ಕು ತಿಂಗಳ ಅಂತರ. ಛತ್ರ ಸಿಗಬೇಕು, ಆಷಾಢ ಕಳೆಯಬೇಕು. ಆ ತಿಂಗಳುಗಳಲ್ಲಿ ಹುಡುಗ ಹುಡುಗಿ ರಾತ್ರಿ ಹನ್ನೆರಡರವರೆಗೆ ಫೋನಿನಲ್ಲಿ ಮಾತಾಡುತ್ತಾರೆ. ಪ್ರೀವೆಡ್ಡಿಂಗ್ ಶೂಟ್ ಅಂತ ಅದೇ ನಂದಿಬೆಟ್ಟಕ್ಕೆ ಹೋಗುತ್ತಾರೆ, ಕ್ಯಾಮೆರಾದವನ ದುಡ್ಡು ಅಪ್ಪನೇ ಕೊಡುತ್ತಾರೆ. ಮಾತು ಸರಿಹೋಗದೆ ನಿಶ್ಚಿತಾರ್ಥ ಮುರಿದ ಸುದ್ದಿಗಳೂ ಈಗ ಅಪರೂಪವಲ್ಲ. ಮುರಿದಾಗ ಬೇಜಾರಾಗುತ್ತದೆ, ನಾಲ್ಕು ಜನ ಮಾತಾಡುತ್ತಾರೆ. "ಮದುವೆಗೆ ಮುಂಚೆಯೇ ಗೊತ್ತಾಯಿತಲ್ಲ, ಸದ್ಯ" ಅಂತ ಅಮ್ಮಂದಿರೇ ಸಮಾಧಾನ ಹೇಳುತ್ತಾರೆ. ಪರಿಚಯಕ್ಕೆ ಸಮಯ, ಬೇಡ ಅನಿಸಿದರೆ ವಾಪಸ್ ಬರುವ ಅವಕಾಶ, ಮನೆಯವರ ಕಣ್ಣಳತೆಯಲ್ಲಿ ಇರುವ ಭದ್ರತೆ, ಮೂರೂ ಅಲ್ಲಿವೆ. ಆ ಹುಡುಗನನ್ನು ಆರಿಸಿದ್ದು ಮಗಳಲ್ಲ, ಅಷ್ಟೇ.